ಮುಳ್ಳು ಮೊದಲೋ, ಬಿಸಿ ಮೊದಲೋ

ಜನವರಿ ೯

ಮಾವನವರಿಗೆ ನಮಸ್ಕಾರ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಕಿವಿಗೆ ಹಾಕಿದ ಹೊಸ ಮಿಷನ್ನಿನಿಂದಲೂ ನಿಮಗೆ ಏನೂ ಕೇಳಿಸುತ್ತಿಲ್ಲ ಎಂದು ನಾದಿನಿ ಹೋದ ತಿಂಗಳು ಫೋನಿನಲ್ಲಿ ಹೇಳಿದಾಗ ಬೇಜಾರಾಯಿತು. ಈಗ ಬರೆಯುತ್ತಿರುವುದು ಲಾರಿಯ ವಿಷಯ. ಅದನ್ನು ನಾನು ಅವಳಿಗೆ ಫೋನಿನಲ್ಲಿ ಹೇಳಿ, ಅವಳು ನಿಮಗೆ ಸ್ಲೇಟಿನ ಮೇಲೆ ಬರೆದು ತೋರಿಸಿ, ನೀವು ಹೇಳಿದ್ದನ್ನು ತಿರುಗಿ ನನಗೆ ತಲುಪಿಸುವಷ್ಟರಲ್ಲಿ ಪಂಪು ಎಂದದ್ದು ಪೈಪಾಗಿರುತ್ತದೆ. ಅದಕ್ಕೇ ಕಾಗದ.

ನಮ್ಮ ದೊಡ್ಡಕ್ಕನಿಗೆ ಹುಷಾರಿಲ್ಲ. ಆ ಲಾರಿಗೆ ನೀವಿಟ್ಟ ಹೆಸರು ನೋಡಿ, ಎಷ್ಟು ವಯಸ್ಸಾದರೂ ಬೇರೆ ಏನೆಂದೂ ಕರೆಯಲು ಬಾಯಿ ಬರುವುದಿಲ್ಲ. ಗಾಜಿನ ಕಾರ್ಖಾನೆಗೆ ಖಾಲಿ ಬಾಟಲಿಗಳ ಲೋಡ್ ತೆಗೆದುಕೊಂಡು ಹೋಗುವಾಗ ದೊಡ್ಡ ಏರಿನಲ್ಲಿ ಎಂಜಿನ್ ವಿಪರೀತ ಕಾದು ಆವಿ ಎದ್ದಿದೆ. ಆಯಿಲ್ ಪ್ರೆಶರಿನ ಮುಳ್ಳು ಪೂರ್ತಿ ಮಲಗಿಬಿಟ್ಟಿದೆ. ಇನ್ನೊಂದು ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದು ಶೆಡ್ಡಿನಲ್ಲಿ ನಿಲ್ಲಿಸಿದ್ದೇವೆ.

ನಿಮ್ಮ ಮಗನಿಗೆ ಬಿಡುವಿಲ್ಲ. ಸದ್ಯಕ್ಕೆ ಬೇರೆಯವರ ಗಾಡಿ ಓಡಿಸಲು ಹೋಗುತ್ತಿದ್ದಾರೆ. “ಎಲ್ಲಿಂದ ಶುರು ಮಾಡ್ಬೇಕು ಅಂತ ಅಪ್ಪನಿಗೆ ನೀನೇ ಬರೆದು ಕೇಳು” ಎಂದರು. ಕಾರ್ಖಾನೆಯ ಸೂಪರ್‌ವೈಸರ್ ಫೆಬ್ರವರಿ ಮುಗಿಯುವವರೆಗೆ ಯಾವುದೋ ಬಾಡಿಗೆ ಲಾರಿಯಲ್ಲಿ ಸುಧಾರಿಸುತ್ತಾರಂತೆ. ಅಷ್ಟರೊಳಗೆ ದೊಡ್ಡಕ್ಕ ಏಳದಿದ್ದರೆ ಆ ಲಾರಿಯನ್ನೇ ಕಾಯಂ ಮಾಡಿಕೊಳ್ಳುತ್ತಾರಂತೆ. ಆದಷ್ಟು ಬೇಗ ಬರೆಯಿರಿ.

ನಿಮ್ಮ ಸೊಸೆ


ಜನವರಿ ೧೪

ಸೊಸೆಗೆ ಆಶೀರ್ವಾದ.

ಕಾಗದ ತಲುಪಿತು. ಮೊದಲ ಮಾತು: ದೊಡ್ಡಕ್ಕನನ್ನು ಯಾರೂ ಸ್ಟಾರ್ಟ್ ಮಾಡಕೂಡದು. ‘ಒಂದು ಸಲ ನೋಡೇಬಿಡೋಣ’ ಎನ್ನುವವರು ಬಂದರೆ ಕೀಲಿಕೈಯನ್ನು ಅಕ್ಕಿಡಬ್ಬಿಯಲ್ಲಿ ಬಚ್ಚಿಡು.

ಈಗ ಹೇಳುವುದನ್ನು ಗಂಡನಿಗೆ ಹೇಳಿ ಮಾಡಿಸು. ಅವನಿಗೆ ಬಿಡುವಿಲ್ಲದಿದ್ದರೆ ನೀನೇ ಮಾಡು. ನನ್ನ ಪಕ್ಕ ಟಾರ್ಚ್ ಹಿಡಿದು ನಿಂತವಳಲ್ಲವೇ ನೀನು? ಅವನ ಕೈಗೆ ಟಾರ್ಚ್ ಕೊಟ್ಟರೆ ಬೆಳಕೆಲ್ಲ ನನ್ನ ಮೂಗಿನ ಮೇಲೆ ಬೀಳುತ್ತಿತ್ತು.

ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡು. ಮಟ್ಟದ ಮಾತು ಆಮೇಲೆ, ಮೊದಲು ಬಣ್ಣ. ಹಾಲು ಬೆರೆಸಿದ ಚಹಾದ ಹಾಗಿದ್ದರೆ ನೀರು ಸೇರಿದೆ ಎಂದು ಅರ್ಥ. ಮೂಸಿ ನೋಡು, ಡೀಸೆಲ್ ವಾಸನೆ ಬಂದರೆ ಡೀಸೆಲ್ ಒಳಗಿಳಿದು ಆಯಿಲನ್ನು ತೆಳ್ಳಗೆ ಮಾಡಿದೆ. ರೇಡಿಯೇಟರ್ ಮುಂದೆ ಟಾರ್ಚ್ ಇಟ್ಟು ಹಿಂದಿನಿಂದ ನೋಡು, ಬೆಳಕು ತೂರಿ ಬರಬೇಕು. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತು, ಹೆಬ್ಬೆರಳಿನ ದಪ್ಪಕ್ಕಿಂತ ಹೆಚ್ಚು ತಗ್ಗಬಾರದು.

ಆಯಿಲಿನಲ್ಲಿ ನೀರೂ ಇಲ್ಲ, ಡೀಸೆಲ್ಲೂ ಇಲ್ಲ ಎಂದಾದರೆ ಮಾತ್ರ ಮುಂದಿನ ಹೆಜ್ಜೆ. ಕಣ್ಣೆದುರಿನ ಆ ಹಳೇ ಮುಳ್ಳನ್ನು ಅಷ್ಟು ನಂಬಬೇಡ, ಅದಕ್ಕೂ ವಯಸ್ಸಾಗಿದೆ. ಲೇತ್ ಅಂಗಡಿಯವನ ಹತ್ತಿರ ಎಂಜಿನ್ನಿಗೇ ನೇರವಾಗಿ ಜೋಡಿಸುವ ಗೇಜ್ ಇದೆ, ಇಸಿದುಕೊಂಡು ಬಾ. ಹೊಸ ಆಯಿಲ್ ಹಾಕಿ, ಬೆಲ್ಟ್ ಬಿಗಿದು, ಆಮೇಲೆ ಸ್ಟಾರ್ಟ್ ಮಾಡು. ತಣ್ಣಗಿದ್ದಾಗ ಎಷ್ಟು ತೋರಿಸುತ್ತದೆ, ಬಿಸಿಯಾದಾಗ ಎಷ್ಟು ತೋರಿಸುತ್ತದೆ, ಬರೆ. ಪ್ರೆಶರ್ ಒಂದು ಕೆಜಿಗಿಂತ ಕೆಳಗಿಳಿದರೆ ಆ ಕ್ಷಣವೇ ಆರಿಸು. ಸದ್ದು ಬಂದರೆ ಆ ಸದ್ದನ್ನು ಅಕ್ಷರದಲ್ಲಿ ಬರೆ. ನನಗೆ ಈಗ ಉಳಿದಿರುವ ಕಿವಿ ಅದೊಂದೇ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು. ಮುಳ್ಳು ಮೊದಲು ಬಿತ್ತೋ, ಬಿಸಿ ಮೊದಲು ಏರಿತೋ? ಬಿಸಿ ಮೊದಲಾದರೆ ಕಾಯಿಲೆ ನೀರಿನ ಕಡೆಯದು, ಕಾದ ಆಯಿಲ್ ತೆಳ್ಳಗಾಗಿ ಪ್ರೆಶರ್ ಇಳಿದಿದೆ. ಮುಳ್ಳು ಮೊದಲಾದರೆ ಆಯಿಲೇ ಮೇಲೆ ಬಂದಿಲ್ಲ, ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಕಾದಿದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಇದು ಸ್ಟಿಯರಿಂಗ್ ಹಿಡಿದಿದ್ದವನಿಗೆ ಮಾತ್ರ ಗೊತ್ತಿರುವ ವಿಷಯ. ಕೇಳಿ ಬರೆ.

ನಿನ್ನ ಮಾವ


ಜನವರಿ ೧೯

ಮಾವನವರಿಗೆ ನಮಸ್ಕಾರ.

ನೀವು ಹೇಳಿದ ಹಾಗೆ ನಿಮ್ಮ ಮಗ ಎಲ್ಲ ನೋಡಿದರು. ಆಯಿಲ್ ಕಡ್ಡಿಯಲ್ಲಿ ಮಟ್ಟ ಸರಿಯಾಗಿಯೇ ಇತ್ತು. ಹಾಲಿನ ಬಣ್ಣವಿಲ್ಲ, ಡೀಸೆಲ್ ವಾಸನೆಯೂ ಇಲ್ಲ. ಆದರೆ ಸುಟ್ಟ ವಾಸನೆ, ಬೆರಳಿಗೆ ಜಿಡ್ಡೇ ಹತ್ತುವುದಿಲ್ಲ. ರೇಡಿಯೇಟರಿನ ಹಿಂದೆ ನಿಂತರೆ ಟಾರ್ಚ್ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಬಾಟಲಿಗಳಿಗೆ ಸುತ್ತುವ ಹುಲ್ಲು, ಕಾರ್ಖಾನೆಯ ಗಾಜಿನ ಪುಡಿ ಎಲ್ಲ ಸೇರಿ ಗೋಡೆ ಕಟ್ಟಿದ ಹಾಗೆ ಕೂತಿತ್ತು. ಬೆಲ್ಟೂ ಸಡಿಲ. ಒಂದಿಡೀ ಮಧ್ಯಾಹ್ನ ಹಿಂದಿನಿಂದ ನೀರು ಹೊಡೆದು ತೊಳೆದದ್ದಾಯಿತು.

ಲೇತ್ ಅಣ್ಣ ತಾವೇ ಬಂದು ಗೇಜ್ ಜೋಡಿಸಿದರು. ತಣ್ಣಗಿದ್ದಾಗ ಎರಡು ಕೆಜಿಗೂ ಏರಲಿಲ್ಲ. ಸ್ವಲ್ಪ ಬಿಸಿಯಾಗುತ್ತಿದ್ದ ಹಾಗೆ ಇಳಿಯುತ್ತಾ ಬಂತು. ಒಂದರ ಹತ್ತಿರ ಬಂದಾಗ ಆರಿಸಿದೆವು. ಸದ್ದು ಬರೆಯಿರಿ ಎಂದಿದ್ದಿರಿ. ಮೇಲಿನಿಂದ ಬರುವ ಟಿಕಿ ಟಿಕಿ ಅಲ್ಲ. ಕೆಳಗಿನಿಂದ ‘ಡಬ್… ಡಬ್… ಡಬ್’. ಆಕ್ಸಿಲರೇಟರ್ ಒತ್ತಿದರೆ ‘ಡಬಡಬಡಬ’. ಬಾಗಿಲು ಹಾಕಿಕೊಂಡ ಕೋಣೆಯೊಳಗಿಂದ ಯಾರೋ ಗುದ್ದಿದ ಹಾಗೆ.

ಯಾವುದು ಮೊದಲು ಎಂದು ಕೇಳಿದೆ. ಸರಿಯಾಗಿ ನೆನಪಿಲ್ಲ ಎಂದರು.

ಬಾಟಲಿ ಗೋದಾಮಿನಲ್ಲಿ ನನ್ನ ಕೆಲಸ ನಡೆದಿದೆ. ಬಣ್ಣ ನೋಡಿ ಬಾಟಲಿ ಬೇರೆ ಮಾಡುವ ಹೆಂಗಸರು “ಯಜಮಾನ್ರು ಕಾಣ್ತಾನೇ ಇಲ್ವಲ್ಲಾ” ಎಂದು ದಿನವೂ ಕೇಳುತ್ತಾರೆ. ದೂರದ ಟ್ರಿಪ್ಪು ಎನ್ನುತ್ತೇನೆ.

ನಿಮ್ಮ ಸೊಸೆ


ಜನವರಿ ೨೪

ಸೊಸೆಗೆ ಆಶೀರ್ವಾದ.

ಆ ಸದ್ದನ್ನು ನೀನು ಬರೆದ ರೀತಿ ಓದಿದ ಕೂಡಲೇ ಗುರುತು ಸಿಕ್ಕಿತು. ಅದು ಎಂಜಿನ್ನಿನ ತಳದಲ್ಲಿ ತಿರುಗುವ ಕ್ರ್ಯಾಂಕಿನ ಬೇರಿಂಗ್ ಸದ್ದು. ತಣ್ಣಗಿದ್ದಾಗಲೇ ಎರಡು ಬರಲಿಲ್ಲ ಎಂದಮೇಲೆ ಗೇಜಿನ ತಪ್ಪಿಲ್ಲ, ಕಾಯಿಲೆ ಹೊಟ್ಟೆಯೊಳಗಿದೆ. ಇನ್ನು ಸ್ಟಾರ್ಟ್ ಮಾಡುವ ಮಾತೇ ಬೇಡ.

ಕೆಲಸವನ್ನು ಅವನು ಚೆನ್ನಾಗಿ ಮಾಡಿದ್ದಾನೆ. ರೇಡಿಯೇಟರನ್ನು ಹಿಂದಿನಿಂದ ತೊಳೆಯಬೇಕೆಂದು ನಾನು ಹೇಳಿರಲೇ ಇಲ್ಲ, ತಾನೇ ಯೋಚಿಸಿ ಮಾಡಿದ್ದಾನೆ. ಮೆಚ್ಚಿದೆ ಎಂದು ಅವನಿಗೆ ಹೇಳು.

ಮುಂದಿನದು ಹೀಗೆ. ಮೊದಲು ನೀರು ಪೂರ್ತಿ ಇಳಿಸಬೇಕು. ರೇಡಿಯೇಟರಿನ ಮುಚ್ಚಳಕ್ಕೆ ಬಿಗಿದಿರುವ ತಂತಿ ಬಿಚ್ಚುವಾಗ ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ, ಅದರ ತುದಿ ಅಂಗೈ ಸೀಳುತ್ತದೆ. ಆಮೇಲೆ ಆಯಿಲ್ ಫಿಲ್ಟರ್ ಬಿಚ್ಚಿ ಅದರ ಹೊಟ್ಟೆ ಕತ್ತರಿಸಿ, ಒಳಗಿನ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿ. ಬೆಳ್ಳಿ ಪುಡಿ ಉದುರಿಸಿದ ಹಾಗೆ ಮಿನುಗಿದರೆ ಬೇರಿಂಗ್ ಸವೆದಿದೆ. ತಾಮ್ರದ ಬಣ್ಣ ಕಂಡರೆ ಇನ್ನೂ ಆಳಕ್ಕೆ ಹೋಗಿದೆ.

ಯಾವುದು ಮೊದಲು ಎಂದು ಮತ್ತೆ ಕೇಳು. ನೆನಪಿಲ್ಲ ಎಂದರೆ ಬಿಡಬೇಡ. ಕಾರಣ ಗೊತ್ತಾಗದೆ ಹೊಸ ಬೇರಿಂಗ್ ಹಾಕಿದರೆ ಅದೂ ಇದೇ ಏರಿನಲ್ಲಿ ಸಾಯುತ್ತದೆ.

ನಿನ್ನ ಮಾವ


ಜನವರಿ ೨೯

ಮಾವನವರಿಗೆ,

ಫಿಲ್ಟರ್ ಕತ್ತರಿಸಿದೆ. ಬೆಳ್ಳಿಯೂ ಇದೆ, ತಾಮ್ರವೂ ಇದೆ.

ಕತ್ತರಿಸಿದೆವು ಅಲ್ಲ, ಕತ್ತರಿಸಿದೆ. ಈ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ. ಆಯಿಲ್ ಮೂಸಿದ್ದು, ರೇಡಿಯೇಟರ್ ತೊಳೆದದ್ದು, ಬೆಲ್ಟ್ ಬಿಗಿದದ್ದು ಎಲ್ಲ ನಾನೇ. ನೀವು ಮೆಚ್ಚಿದ ಕೆಲಸ ನನ್ನದು. ನಿಮ್ಮ ಮಗ ಲಾರಿಯನ್ನು ಎಳೆಸಿಕೊಂಡು ಬಂದ ಮರುದಿನ ಬೆಳಿಗ್ಗೆ “ಸಾಮಾನು ತಗೊಂಡು ಬರ್ತೀನಿ” ಎಂದು ಕೈಚೀಲ ಹಿಡಿದು ಹೋದವರು ಬರಲೇ ಇಲ್ಲ. ಮಧ್ಯಾಹ್ನ ಫೋನಿಗೆ ‘ಹುಡುಕಬೇಡ’ ಎಂದು ಒಂದು ಸಾಲು ಬಂತು. ಆಮೇಲೆ ಫೋನೂ ಇಲ್ಲ. ಗಂಡ ಬಿಟ್ಟುಹೋದ ಎಂದು ಮಾವನಿಗೆ ಹೇಗೆ ಬರೆಯುವುದು? ಅದಕ್ಕೆ ಕಾಗದದಲ್ಲಿ ಅವರನ್ನು ಶೆಡ್ಡಿನಲ್ಲಿ ನಿಲ್ಲಿಸಿ ಕೆಲಸ ಮಾಡಿಸಿದೆ. ನಿಮ್ಮಂಥವರಿಗೆ ಸುಳ್ಳು ಬರೆದೆ. ತಪ್ಪಾಯಿತು.

ಈಗ ನಿಮ್ಮನ್ನು ಒಂದು ಕೇಳುತ್ತೇನೆ. ನೀವು ಇಲ್ಲಿಂದ ಹೋದಾಗ ರೇಡಿಯೇಟರಿಗೆ ಅದರದ್ದೇ ಮುಚ್ಚಳವಿತ್ತು. ಅದು ಹಾಳಾಗಿ, ಬೇರೆ ಯಾವುದೋ ಗಾಡಿಯ ಮುಚ್ಚಳ ಕೂರಿಸಿ ಇವರು ತಂತಿ ಬಿಗಿದದ್ದು ನೀವು ಹೋದ ಎಷ್ಟೋ ದಿನದ ಮೇಲೆ. ಆ ತಂತಿಯ ವಿಷಯ ನಾನು ಬರೆದಿಲ್ಲ. ಅದರ ತುದಿ ಅಂಗೈ ಸೀಳುತ್ತದೆ ಎಂದು ನಿಮಗೆ ಹೇಗೆ ಗೊತ್ತಾಯಿತು?

ನಿಮ್ಮ ಎರಡು ಕಾಗದಗಳನ್ನೂ ಮತ್ತೆ ತೆಗೆದು ಓದಿದೆ. ಒಂದರಲ್ಲಾದರೂ ‘ಮಗ ಹೇಗಿದ್ದಾನೆ’ ಎಂಬ ಮಾತಿಲ್ಲ.

ಅವರು ಅಲ್ಲೇ ಇದ್ದಾರಾ ಮಾವ?


ಫೆಬ್ರವರಿ ೩

ಅಮ್ಮಾ,

ಇದ್ದಾನೆ.

ನಿನ್ನ ಮೊದಲ ಕಾಗದ ಬರುವ ಮೊದಲೇ ಬಂದಿದ್ದ. ನಿನ್ನ ನಾದಿನಿ ಬಾಗಿಲು ತೆಗೆದಾಗ ಕೈಚೀಲ ಎದೆಗೊತ್ತಿಕೊಂಡು ನಿಂತಿದ್ದನಂತೆ, ಮನೆ ತಪ್ಪಿ ಬಂದವನ ಹಾಗೆ. ನನ್ನ ಸ್ಲೇಟು ತೆಗೆದುಕೊಂಡು ‘ಗಾಡಿ ನಿಂತಿದೆ, ನಾನು ವಾಪಸ್ ಹೋಗಲ್ಲ’ ಎಂದು ಬರೆದ. ಅಂಗೈಗೆ ಸುತ್ತಿದ್ದ ಬಟ್ಟೆ ನೋಡಿ ಏನೆಂದು ಕೇಳಿದೆ. ‘ಮುಚ್ಚಳದ ತಂತಿ’ ಎಂದು ಬರೆದ. ಅಷ್ಟೇ. ಅಲ್ಲಿಂದ ಇಲ್ಲಿಯವರೆಗೆ ಸ್ಲೇಟು ಮುಟ್ಟಿಲ್ಲ. ನನಗೆ ಕಿವಿ ಇಲ್ಲ, ಅವನಿಗೆ ಬಾಯಿಲ್ಲ. ಒಳ್ಳೆ ಜೋಡಿ.

ದಿನವೆಲ್ಲ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಹಗ್ಗದ ಕಡೆ ಮುಖ ಮಾಡಿ ಕೂರುತ್ತಾನೆ. ಎದ್ದರೆ ಏನಾದರೊಂದು ರಿಪೇರಿ. ತಂಗಿಯ ಮನೆಯ ನಲ್ಲಿ, ಬಾಗಿಲ ತಿರುಗಣೆ, ಮಿಕ್ಸರು, ಕುರ್ಚಿಯ ಕಾಲು ಎಲ್ಲ ಸರಿಮಾಡಿದ್ದಾನೆ. ಇನ್ನು ಕೆಡಲು ಈ ಮನೆಯಲ್ಲಿ ಏನೂ ಉಳಿದಿಲ್ಲ.

‘ನಿಮ್ಮ ಮಗ ಎಲ್ಲ ನೋಡಿದರು’ ಎಂದು ನೀನು ಬರೆದಿದ್ದೆಯಲ್ಲ, ಅದನ್ನು ಓದುವಾಗ ಆ ಮಗ ನನ್ನಿಂದ ನಾಲ್ಕು ಮಾರು ದೂರದಲ್ಲಿ ಬೆನ್ನು ತಿರುಗಿಸಿ ಕೂತಿದ್ದ. ಮರ್ಯಾದೆ ಉಳಿಸಿಕೊಳ್ಳಲು ಸುಳ್ಳು ಬರೆಯುತ್ತಿದ್ದಾಳೆ ಎಂದು ಗೊತ್ತಾಯಿತು. ನಿನ್ನ ಮರ್ಯಾದೆಗೆ ನನ್ನ ಸುಳ್ಳೂ ಇರಲಿ ಎಂದು ಅವನನ್ನು ಹೊಗಳಿ ಬರೆದೆ.

ಹೀಗೆಂದು ಇಲ್ಲಿಗೇ ನಿಲ್ಲಿಸಿದರೆ ನಾನು ಒಳ್ಳೆಯವನಾಗಿ ಕಾಣುತ್ತೇನೆ. ಅದಲ್ಲ ನಿಜ. ನಿನ್ನ ನಾದಿನಿ ಅವತ್ತೇ ನಿನಗೆ ಫೋನ್ ಮಾಡಲು ಹೊರಟಳು. “ಅತ್ತಿಗೆ ಎಷ್ಟು ಗಾಬರಿಯಾಗಿರ್ತಾರೋ ಏನೋ” ಎಂದು ಬರೆದು ತೋರಿಸಿದಳು. ನಾನೇ ಬೇಡವೆಂದು ಫೋನ್ ಕಿತ್ತುಕೊಂಡೆ. ಏಕೆಂದರೆ ಕಿವಿ ಹೋದಮೇಲೆ ನನ್ನ ಪಕ್ಕ ಬಂದು ಕೂತವನು ಅವನೊಬ್ಬನೇ. ಬೇರೆಯವರಿಗೆ ಬರೆದು ತೋರಿಸುವಷ್ಟು ತಾಳ್ಮೆ ಇರುವುದಿಲ್ಲ, ಎರಡು ಮಾತಿಗೆ ಎದ್ದು ಹೋಗುತ್ತಾರೆ. ಇವನು ಮಾತಾಡುವುದಿಲ್ಲ ನಿಜ, ಆದರೆ ಎದ್ದು ಹೋಗುವುದೂ ಇಲ್ಲ. ನಿನಗೆ ಗೊತ್ತಾದರೆ ಕರೆದುಕೊಂಡು ಹೋಗುತ್ತೀಯ ಎಂದು ಹೆದರಿದೆ. ಅವನ ಕಷ್ಟದಲ್ಲಿ ನನಗೊಂದು ಸುಖ ಸಿಕ್ಕಿತ್ತಮ್ಮಾ. ಬರೆಯಲು ಕೈ ನಾಚುತ್ತದೆ.

ನಿನ್ನ ಮಾವ


ಫೆಬ್ರವರಿ ೮

ಮಾವನವರಿಗೆ,

ಅವರು ಬದುಕಿದ್ದಾರೆಂದು ಗೊತ್ತಾಗಿ ಒಲೆಯ ಮುಂದೆ ನಿಂತೇ ಕಾಗದವನ್ನು ಮತ್ತೊಂದು ಸಲ ಓದಿದೆ. ಆಮೇಲೆ ಸಿಟ್ಟು ಬಂತು. ಈಗಲೂ ಇಳಿದಿಲ್ಲ.

ಅವರ ಫೋಟೋ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿದ್ದೆ ಮಾವ. ಎಲ್ಲರೆದುರು ‘ಇಂಥವರು ಯಾರಾದರೂ ಬಂದಿದ್ದಾರಾ’ ಎಂದು ಕೇಳಿದೆ. ಅಲ್ಲಿಯವನೊಬ್ಬ “ಜಗಳ ಆಡಿದ್ರಾ?” ಎಂದ. ಅಲ್ಲಿದ್ದ ಬೆಂಚಿನ ತುಂಬ ಜನ, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅದೇ ವಾರ ನೀವು ನನಗೆ ಟಾರ್ಚ್ ಎಲ್ಲಿಡಬೇಕೆಂದು ಬರೆಯುತ್ತಿದ್ದಿರಿ. ನಾದಿನಿಯ ಒಂದು ಫೋನ್ ಸಾಕಿತ್ತು. ನಿಮ್ಮ ಒಂಟಿತನ ನನಗೆ ಅರ್ಥವಾಗುತ್ತದೆ. ಆದರೂ ಆ ಬೆಂಚನ್ನು ಮರೆಯಲು ನನಗೆ ಸಮಯ ಬೇಕು.

ಲಾರಿ ಕಥೆ ಹೇಳುತ್ತೇನೆ. ನಿಮ್ಮ ಕಾಗದಕ್ಕೆ ಕಾಯದೆ ಲೇತ್ ಅಣ್ಣನನ್ನು ಕರೆದು ಎಂಜಿನ್ನಿನ ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿದೆ. ಆಯಿಲನ್ನು ಮೇಲೆ ಹೀರುವ ಕೊಳವೆಯ ಬಾಯಿಗೆ ಜಾಲರಿ ಇರುತ್ತದಲ್ಲ, ಅದು ಮುಕ್ಕಾಲು ಮುಚ್ಚಿಹೋಗಿತ್ತು. ಕಪ್ಪು ಕೊಳೆ, ಅದರೊಳಗೆ ಒಣಗಿದ ಪ್ಯಾಕಿಂಗ್ ಪೇಸ್ಟಿನ ಚೂರುಗಳು, ಉಗುರು ಕತ್ತರಿಸಿ ಹಾಕಿದ ಹಾಗೆ. ಹಿಂದೆ ಯಾವಾಗಲೋ ಚೇಂಬರ್ ಕೂರಿಸುವಾಗ ಸೋರದಿರಲೆಂದು ಬಳಿದದ್ದು ಒಳಗೆ ಉದುರಿರಬೇಕು. ಬೇರಿಂಗುಗಳ ಮೇಲಿನ ಬೂದುಬಣ್ಣ ಹೋಗಿ ತಾಮ್ರ ಎದ್ದು ಕಾಣುತ್ತದೆ. ಕ್ರ್ಯಾಂಕಿನ ಮೇಲೆ ಉಗುರಾಡಿಸಿದರೆ ಸಣ್ಣ ಗೀರು ಸಿಗುತ್ತದೆ, ಗುಂಡಿ ಬಿದ್ದಿಲ್ಲ. ಪಾಲಿಶ್ ಮಾಡಿದರೆ ಉಳಿಯುತ್ತದೆ ಎಂದು ಲೇತ್ ಅಣ್ಣ ಹೇಳುತ್ತಾರೆ.

ಇನ್ನೊಂದು ಕಂಡೆ. ಪ್ರೆಶರ್ ಇಳಿದರೆ ಉರಿಯುವ ಕೆಂಪು ದೀಪಕ್ಕೆ ಹೋಗುವ ವೈರನ್ನು ಯಾರೋ ಎಳೆದು ತೆಗೆದಿದ್ದಾರೆ. ತಾನಾಗಿ ಕಳಚಿದ್ದಲ್ಲ. ತುದಿಗೆ ನೀಟಾಗಿ ಟೇಪ್ ಸುತ್ತಿದೆ. ಅಷ್ಟು ನೀಟಾಗಿ ಟೇಪ್ ಸುತ್ತುವವರು ನಮ್ಮ ಮನೆಯಲ್ಲಿ ಒಬ್ಬರೇ.

ಅವರಿಗೆ ಹೇಳಿ. ಯಾಕೆ ಹೋದಿರಿ ಎಂದು ನಾನು ಕೇಳುವುದಿಲ್ಲ. ಬನ್ನಿ ಎಂದೂ ಕರೆಯುವುದಿಲ್ಲ. ಮುಳ್ಳು ಮೊದಲೋ, ಬಿಸಿ ಮೊದಲೋ, ಅದೊಂದು ಹೇಳಿದರೆ ಸಾಕು. ಜಾಲರಿಯೇ ಕಾರಣವೋ, ಆಯಿಲ್ ಪಂಪೂ ಬದಲಿಸಬೇಕೋ, ರೇಡಿಯೇಟರಿನ ಒಳಗೂ ಕಟ್ಟಿದೆಯೋ ಎಂದು ನಾನು ಕತ್ತಲಲ್ಲಿ ತಡಕಾಡುತ್ತಿದ್ದೇನೆ. ಎಂಜಿನ್ ಮುಚ್ಚುವ ಮೊದಲು ನನಗೆ ಗೊತ್ತಾಗಬೇಕು.


ಫೆಬ್ರವರಿ ೧೯

ಅಮ್ಮಾ,

ತಡವಾಯಿತು. ನಿನ್ನ ಕಾಗದ ಬಂದ ದಿನ ಅದನ್ನು ಅವನ ತೊಡೆಯ ಮೇಲಿಟ್ಟೆ. ಮಡಚಿ ನನ್ನ ಜೇಬಿಗೇ ತುರುಕಿದ. ಎರಡು ದಿನ ಬಿಟ್ಟು ಮತ್ತೆ ಇಟ್ಟೆ, ಮತ್ತೆ ಹಾಗೇ. ಕೊನೆಗೆ ನಿನ್ನೆ ನನ್ನ ಕುರ್ಚಿಯನ್ನು ಅವನೆದುರಿಗೇ ಎಳೆದು ಹಾಕಿಕೊಂಡು ಓದಿ ಹೇಳಲು ಶುರುಮಾಡಿದೆ. ನನ್ನ ದನಿ ಎಷ್ಟು ದೊಡ್ಡದೆಂದು ನನಗೇ ಗೊತ್ತಾಗುವುದಿಲ್ಲವಲ್ಲ. ಫೋಟೋ, ಆಸ್ಪತ್ರೆ, ಬೆಂಚು ಎಲ್ಲ ಓದಿದೆ. ಕೆಂಪು ದೀಪದ ವೈರಿಗೆ ಬಂದಾಗ ತಲೆ ಎತ್ತಿ ನೋಡಿದರೆ ಎದುರಿನ ಕಟ್ಟಡದ ಬಾಲ್ಕನಿಗಳಲ್ಲೆಲ್ಲ ಜನ ನಿಂತಿದ್ದಾರೆ. ಕೆಳಗೆ ತರಕಾರಿಯವನು ಗಾಡಿ ನಿಲ್ಲಿಸಿಕೊಂಡು ಮೇಲೆ ನೋಡುತ್ತಿದ್ದಾನೆ. ಇಡೀ ಬೀದಿಗೆ ನಿಮ್ಮಿಬ್ಬರ ಸಂಸಾರ ಕೇಳಿಸಿಬಿಟ್ಟಿದ್ದೆ. ನಿನ್ನ ಕ್ಷಮೆ ಕೇಳಬೇಕಾದ ಪಟ್ಟಿಗೆ ಇದೂ ಸೇರಲಿ.

ಅವನು ಕೈ ಮುಗಿದ. ನನ್ನ ಬಾಯಿ ಮುಚ್ಚಿಸಲು ಸ್ಲೇಟು ತೆಗೆದುಕೊಂಡ. ಆಮೇಲೆ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

‘ಮುಳ್ಳು ಮೊದಲು’ ಎಂದು ಬರೆದ.

“ದೀಪ ಉರೀತಾ?” ಎಂದೆ.

‘ಉರೀತು. ಆಗ ಏರು ಇನ್ನೂ ಬಂದಿರಲಿಲ್ಲ. ಮುಂಚೆ ಎರಡು ಸಲ ಸುಮ್ನೆ ಉರಿದು ಆರಿತ್ತು. ಈ ಸಲವೂ ಹಾಗೇ ಅಂದ್ಕೊಂಡೆ. ನಿಲ್ಲಿಸಿ ವೈರ್ ತೆಗೆದೆ.’

“ಸದ್ದು ಬರ್ಲಿಲ್ವೇನೋ?”

‘ಹಿಂದೆ ಅಷ್ಟು ಬಾಟಲಿ ಗಲಗಲ ಅಂತಿರುತ್ತೆ. ಕೇಳಿಸಲಿಲ್ಲ.’ ಅದನ್ನು ಒರೆಸಿ ಮತ್ತೆ ಬರೆದ: ‘ಕೇಳಿಸ್ತು. ಬಾಟಲಿ ಅಂದ್ಕೊಂಡೆ.’

“ಏರಲ್ಲಿ ಆವಿ ಬಂದಾಗ ನಿಲ್ಲಿಸೋದಕ್ಕೇನಾಗಿತ್ತು?”

ಬರೆದದ್ದನ್ನೆಲ್ಲ ಅಂಗೈಯಿಂದ ಒರೆಸಿದ. ಆಮೇಲೆ ಅಕ್ಷರ ಸಣ್ಣ ಸಣ್ಣದಾಗಿ, ಸ್ಲೇಟಿನ ಒಂದು ಮೂಲೆಯಲ್ಲಿ ಬರೆದ: ‘ಮೇಲೆ ಚಹಾದಂಗಡಿ ಹತ್ರ ಡ್ರೈವರ್‌ಗಳೆಲ್ಲ ಕೂತಿರ್ತಾರೆ. ದೊಡ್ಡ ಮೇಸ್ತ್ರಿ ಮಗನ ಗಾಡಿ ನಿಂತಿದೆ ಅಂತ ನೋಡ್ತಾರೆ. ಹೇಗಾದ್ರೂ ಅವರನ್ನ ದಾಟಿಬಿಟ್ರೆ ಆಮೇಲೆ ನಿಲ್ಲಿಸೋಣ ಅಂತ ಒತ್ತಿದೆ. ಸರಿಯಾಗಿ ಅವರೆದುರಿಗೇ ನಿಂತುಬಿಡ್ತು. ಎಳ್ಕೊಂಡು ಹೋಗುವಾಗ ಒಬ್ಬ ಚಪ್ಪಾಳೆ ತಟ್ಟಿದ.’

ಲಾರಿಯವರೆಲ್ಲ ನನ್ನನ್ನು ದೊಡ್ಡ ಮೇಸ್ತ್ರಿ ಎನ್ನುತ್ತಿದ್ದರಲ್ಲ, ಆ ಮೇಸ್ತ್ರಿಯ ಮಗ ಎಂಬುದು ಅವನ ತಲೆಯ ಮೇಲೆ ಲೋಡಿಗಿಂತ ಭಾರವಾಗಿ ಕೂತಿತ್ತೆಂದು ನನಗೆ ಗೊತ್ತಿರಲಿಲ್ಲಮ್ಮಾ. ಅವನು ಬೈಸಿಕೊಳ್ಳಲು ನನ್ನ ಹತ್ತಿರ ಬಂದ, ನಾನು ನನಗೆ ಜೊತೆಗೊಬ್ಬ ಸಿಕ್ಕ ಎಂದು ಸುಮ್ಮನೆ ಕೂತೆ.

ಈಗ ಕೆಲಸ. ಮುಳ್ಳೇ ಮೊದಲು, ಹಾಗಾಗಿ ಕಾರಣ ಆ ಜಾಲರಿಯೇ. ಪೇಸ್ಟ್ ಬಳಿದದ್ದು ನಾನೋ ಅವನೋ ಇಬ್ಬರಿಗೂ ನೆನಪಿಲ್ಲ. ಗಾಜಿನ ಪುಡಿ, ಸಡಿಲ ಬೆಲ್ಟು, ಆ ಬೆರಕೆ ಮುಚ್ಚಳ ಇವು ಆಮೇಲೆ ಸೇರಿಕೊಂಡು ಉರಿಯುವುದಕ್ಕೆ ಗಾಳಿ ಹಾಕಿದವು. ಪಂಪನ್ನು ಬಿಚ್ಚಿಸಿ ಒಳಗಿನ ಹಲ್ಲುಗಳ ಸಂದು ಅಳೆಸು, ಗೀರು ಆಳವಿಲ್ಲದಿದ್ದರೆ ಬದಲಿಸಬೇಕಾಗಿಲ್ಲ. ಜಾಲರಿ ತೊಳೆ, ಆಯಿಲ್ ಹೋಗುವ ದಾರಿಗಳಿಗೆಲ್ಲ ಗಾಳಿ ಹೊಡೆಸು. ಕ್ರ್ಯಾಂಕ್ ಪಾಲಿಶ್ ಆದಮೇಲೆ ಅಳತೆ ನೋಡಿಯೇ ಬೇರಿಂಗ್ ತರಿಸು. ಚೇಂಬರಿಗೆ ಪೇಸ್ಟ್ ಬಳಿಯುವಾಗ ಕೈ ಬಿಗಿ ಹಿಡಿ. ಸರಿಯಾದ ಮುಚ್ಚಳ ಕೊಳ್ಳು. ಆ ವೈರನ್ನು ಮೊದಲಿದ್ದ ಜಾಗಕ್ಕೇ ಜೋಡಿಸು.

ಇವತ್ತು ಬೆಳಿಗ್ಗೆ ಅವನು ಕೈಚೀಲಕ್ಕೆ ಬಟ್ಟೆ ತುಂಬುತ್ತಿದ್ದ. ಎಲ್ಲಿಗೆ ಎಂದು ಕೇಳಲಿಲ್ಲ. ತಡೆಯಲೂ ಇಲ್ಲ.

ನಿನ್ನ ಮಾವ


ಮಾರ್ಚ್ ೪

ಮಾವನವರಿಗೆ ನಮಸ್ಕಾರ.

ದೊಡ್ಡಕ್ಕ ಎದ್ದಳು. ತಣ್ಣಗಿದ್ದಾಗ ನಾಲ್ಕು ಕೆಜಿ ಪ್ರೆಶರ್, ಚೆನ್ನಾಗಿ ಕಾದಮೇಲೆ ನಿಂತಲ್ಲೇ ಓಡುವಾಗಲೂ ಎರಡರ ಹತ್ತಿರ. ಕೆಳಗಿನ ಡಬ್ ಡಬ್ ಇಲ್ಲ. ಪಂಪು ಚೆನ್ನಾಗಿಯೇ ಇತ್ತು, ಬದಲಿಸಲಿಲ್ಲ. ಕೀಲಿ ತಿರುಗಿಸಿದ ಕೂಡಲೇ ಕೆಂಪು ದೀಪ ಉರಿಯುತ್ತದೆ, ಎಂಜಿನ್ ಶುರುವಾದ ಮೇಲೆ ಆರುತ್ತದೆ. ಅದು ಆರುವವರೆಗೆ ನಾನು ಉಸಿರು ಬಿಡುವುದಿಲ್ಲ.

ಇವರು ಬಂದದ್ದನ್ನು ಹೇಳಬೇಕು. ಚೇಂಬರ್ ಕೂರಿಸುವ ದಿನ ನಾನು ಲಾರಿಯ ಕೆಳಗೆ ಮಲಗಿದ್ದೆ. ಲೇತ್ ಅಣ್ಣ “ಯಾರೋ ಗೇಟ್ ಹತ್ರ ನಿಂತಿದ್ದಾರಮ್ಮ” ಎಂದರು. ನೋಡಿದೆ. ಇವರೇ. ಕೈಯಲ್ಲಿದ್ದ ಬೋಲ್ಟ್ ಬಿಗಿದು ಮುಗಿಸಿ ಎದ್ದು ಹೋಗಿ ಚಿಲಕ ತೆಗೆದು, ತಿರುಗಿ ಬಂದು ಮಲಗಿದೆ. ಸ್ವಲ್ಪ ಹೊತ್ತಿಗೆ ಅವರು ಒಳಗೆ ಬಂದು ಕೈಚೀಲವನ್ನು ಮನೆ ಬಾಗಿಲಲ್ಲಿಟ್ಟು, ಶೆಡ್ಡಿನಲ್ಲಿ ಚೆಲ್ಲಿದ್ದ ಆಯಿಲಿನ ಮೇಲೆ ಮರದ ಪುಡಿ ಉದುರಿಸಿ ಗುಡಿಸತೊಡಗಿದರು. ಸಂಜೆಯವರೆಗೂ ಗುಡಿಸಿದರು. ಆ ಶೆಡ್ಡು ಅಷ್ಟು ಚೊಕ್ಕಟವಾಗಿದ್ದದ್ದನ್ನು ನಾನು ಕಂಡಿಲ್ಲ.

ಫೆಬ್ರವರಿ ಮುಗಿಯುವ ಮೊದಲೇ ಒಂದು ಲೋಡ್ ಮುಟ್ಟಿಸಿದೆವು. ಸ್ಟಿಯರಿಂಗ್ ಮುಟ್ಟಲು ಇವರು ಒಪ್ಪಲೇ ಇಲ್ಲ. “ನೀನೇ ಓಡ್ಸು. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ” ಎಂದರು. ನೀವು ಹಟ ಹಿಡಿದು ಮಾಡಿಸಿದ ಲೈಸೆನ್ಸ್ ಇತ್ತು, ಆದರೆ ನಾನು ಪೆಟ್ರೋಲ್ ಬಂಕಿನಿಂದ ಆಚೆಗೆ ಓಡಿಸಿದವಳಲ್ಲ. ಬಾಟಲಿಗಳು ಗಲಗಲ ಎನ್ನುತ್ತಿದ್ದರೆ ನನ್ನ ಹಲ್ಲುಗಳೋ ಬಾಟಲಿಗಳೋ ತಿಳಿಯುತ್ತಿರಲಿಲ್ಲ.

ಏರಿನ ಬುಡದಲ್ಲಿ ಇವರು “ಇಲ್ಲೇ ಇಳೀತೀನಿ, ನಡ್ಕೊಂಡು ಮೇಲೆ ಬರ್ತೀನಿ” ಎಂದರು. ಹೆಂಡತಿ ಓಡಿಸುವ ಲಾರಿಯಲ್ಲಿ ಪಕ್ಕ ಕೂತಿರುವುದನ್ನು ಚಹಾದಂಗಡಿಯವರು ನೋಡಬಾರದು, ಅದಕ್ಕೆ. ನಾನು ನಿಲ್ಲಿಸಲಿಲ್ಲ. ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ನೀವು ನಿಮ್ಮದನ್ನು ಬರೆದಿರಿ, ನಾನೂ ಬರೆಯುತ್ತೇನೆ. ಏರು ಹತ್ತಿ ಸರಿಯಾಗಿ ಆ ಚಹಾದಂಗಡಿಯ ಎದುರಿಗೇ ಲಾರಿ ನಿಲ್ಲಿಸಿದೆ. ಬಿಸಿಯ ಮುಳ್ಳು ಅರ್ಧವೂ ದಾಟಿರಲಿಲ್ಲ, ನಿಲ್ಲಿಸುವ ಅಗತ್ಯವೇ ಇರಲಿಲ್ಲ. “ಇಳೀರಿ. ಬಾನೆಟ್ ಎತ್ತಿ ಬೆಲ್ಟು, ಪೈಪು ಒಂದ್ಸಲ ನೋಡಿ” ಎಂದೆ. ಆಸ್ಪತ್ರೆಯ ಆ ಬೆಂಚಿನೆದುರು ನಾನು ನಿಂತ ಹಾಗೆ ಅವರೂ ಒಂದು ಸಲ ನಿಲ್ಲಲಿ ಎಂದು ಬೇಕೆಂದೇ ಮಾಡಿದೆ ಮಾವ. ಅವರ ಮುಖ ಬಿಳಿಚಿಕೊಂಡದ್ದನ್ನು ನೋಡಿದಾಗ ಒಂದು ಕ್ಷಣ ಹಿತವಾಯಿತು. ಮರುಕ್ಷಣವೇ ನನ್ನ ಮೇಲೆ ನನಗೇ ಅಸಹ್ಯವಾಯಿತು. ಬೇಡ, ಕೂತುಕೊಳ್ಳಿ ಎನ್ನುವಷ್ಟರಲ್ಲಿ ಅವರು ಇಳಿದಾಗಿತ್ತು.

ಬೆಂಚಿನ ಮೇಲೆ ಐದಾರು ಜನ ಡ್ರೈವರುಗಳಿದ್ದರು. ಇವರು ಬಾನೆಟ್ ಎತ್ತಿ, ಬೆಲ್ಟ್ ಒತ್ತಿ, ಪೈಪುಗಳನ್ನೆಲ್ಲ ಬಗ್ಗಿ ನೋಡಿದರು. ಆತುರ ಮಾಡಲಿಲ್ಲ. ಅವರಲ್ಲೊಬ್ಬ ಲೋಟ ಕೆಳಗಿಡುತ್ತಾ “ಏನಪ್ಪಾ, ಹೆಂಡ್ತಿ ಡ್ರೈವರ್ರು, ನೀನು ಕ್ಲೀನರ್ರಾ?” ಎಂದ. ಎಲ್ಲರೂ ನಕ್ಕರು. ನಾನು ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದುಕೊಂಡೆ.

ಇವರು ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು, ಅವನ ಕಡೆ ತಿರುಗಿ “ಹೂಂ, ಕ್ಲೀನರ್ರು. ಗಾಡಿ ಹಾಳು ಮಾಡಿದ್ದು ನಾನು, ರಿಪೇರಿ ಮಾಡಿದ್ದು ಇವಳು. ಇನ್ನೇನು ಕೆಲಸ ಕೊಡ್ತಾಳೆ ನಂಗೆ?” ಎಂದರು. ಜೋರಾಗಿಯೇ ಹೇಳಿದರು, ನಿಮ್ಮ ಹಾಗೆ. ಅಂಗಡಿಯವನು ಇವರಿಗೊಂದು ಲೋಟ ಚಹಾ ಕೊಟ್ಟ. ಇವರು ಅದನ್ನು ತಂದು ಕಿಟಕಿಯಿಂದ ನನಗೆ ಕೊಟ್ಟರು. ಅರ್ಧ ಚೆಲ್ಲಿತ್ತು.

ಅವರು ಇನ್ನೂ ನನ್ನ ಮುಖ ನೋಡಿ ಮಾತಾಡುವುದಿಲ್ಲ. ಎಂಜಿನ್ ನೋಡಿಕೊಂಡು ಮಾತಾಡುತ್ತಾರೆ. ನಾನೂ ಎಂಜಿನ್ ನೋಡಿಕೊಂಡೇ ಉತ್ತರ ಕೊಡುತ್ತೇನೆ. ನಿನ್ನೆ ಹಾಗೇ ಬಗ್ಗಿಕೊಂಡು “ಆಸ್ಪತ್ರೆಗೆ ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಹೋಗಿದ್ಯಾ?” ಎಂದು ಕೇಳಿದರು. “ಇಲ್ಲ, ಒಬ್ಳೇ” ಎಂದೆ. ಬಹಳ ಹೊತ್ತು ಇಬ್ಬರೂ ಬಾನೆಟ್ಟಿನೊಳಗೇ ತಲೆಯಿಟ್ಟುಕೊಂಡಿದ್ದೆವು, ನೋಡಲು ಅಲ್ಲಿ ಏನೂ ಇರಲಿಲ್ಲ.

ನಿಮ್ಮ ಸೊಸೆ